ಎರಡು ಎಕೋ, ಎರಡು ನಂಬರ್: ಹಾರ್ಟ್ ಪಂಪಿಂಗ್ ನಿಜಕ್ಕೂ ಇಳಿದಿದೆಯಾ?

[ದೃಶ್ಯ: ಮೇಜಿನ ಮೇಲೆ ಎರಡು ಎಕೋ ರಿಪೋರ್ಟ್, ಒಂದು ಸೌತೆಕಾಯಿ, ಒಂದು ಚಾಕು, ಒಂದು ಟೀ ಚಮಚ]

ನಮಸ್ಕಾರ. ಸೌತೆಕಾಯಿ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಎರಡು ಕಾಗದ ನೋಡಿ. ಎರಡೂ ನಮ್ಮ ಮಾವನ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿನ ರಿಪೋರ್ಟ್. ಒಂದರಲ್ಲಿ ಇಎಫ್, ಅಂದರೆ ಹಾರ್ಟ್ ಪಂಪಿಂಗ್ ನಂಬರ್, 45 ಪರ್ಸೆಂಟ್. ಮೂರು ವಾರ ಬಿಟ್ಟು ಬೇರೆ ಆಸ್ಪತ್ರೆಯಲ್ಲಿ ಮಾಡಿಸಿದ್ದರಲ್ಲಿ 38.

ಪಂಪಿಂಗ್ ಇಳಿದುಹೋಯಿತು ಅಂತ ಅತ್ತೆ ಉಪ್ಪಿನಕಾಯಿ ಜಾಡಿಯನ್ನೇ ಅಟ್ಟಕ್ಕೆ ಏರಿಸಿದರು. ಮಾವ ಮಾತ್ರ "ನಂಗೇನೂ ಆಗಿಲ್ಲ, ದಿನಾ ಪಾರ್ಕಿನಲ್ಲಿ ಎರಡು ಸುತ್ತು ಹೊಡೀತಿದ್ದೀನಿ" ಅಂತ ಗೊಣಗುತ್ತಿದ್ದರು. ಕೊನೆಗೆ ಹಾರ್ಟ್ ಡಾಕ್ಟರ್ ಒಬ್ಬರು ಎರಡೂ ಎಕೋದ ಸಿ.ಡಿ. ತರಿಸಿದರು. ವಿಡಿಯೋಗಳನ್ನು ಅಕ್ಕಪಕ್ಕ ಓಡಿಸಿ ನೋಡಿದರು. "ಹಾರ್ಟ್ ಬದಲಾಗಿಲ್ಲ. ಗೆರೆ ಎಳೆದ ಕೈ ಬದಲಾಗಿದೆ" ಅಂದರು.

ಇವತ್ತಿನ ವಿಷಯ ಆ ಗೆರೆ.

ಹೃದಯದ ಎಡಗಡೆ ಕೆಳಗಿನ ಕೋಣೆ ರಕ್ತ ತುಂಬಿಕೊಂಡು ಹಿಗ್ಗುತ್ತದೆ, ಆಮೇಲೆ ಹಿಂಡಿಕೊಂಡು ಹೊರಗೆ ತಳ್ಳುತ್ತದೆ. ತುಂಬಿದ್ದರಲ್ಲಿ ಎಷ್ಟು ಪಾಲು ಹೊರಗೆ ಹೋಯಿತೋ ಅದೇ ಇಜೆಕ್ಷನ್ ಫ್ರಾಕ್ಷನ್, ಅಂದರೆ ಇಎಫ್. ಕೋಣೆ ಪೂರ್ತಿ ಖಾಲಿ ಆಗುವುದೇ ಇಲ್ಲ. ಅಮೆರಿಕ ಮತ್ತು ಯುರೋಪಿನ ಎಕೋ ಸಂಘಗಳು 2015ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಗಂಡಸರಿಗೆ 52ರಿಂದ 72, ಹೆಂಗಸರಿಗೆ 54ರಿಂದ 74 ನಾರ್ಮಲ್. 60 ಬಂದವರು "ಬರೀ ಫಸ್ಟ್ ಕ್ಲಾಸಾ" ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ.

ನಾವೆಲ್ಲ ಈ ನಂಬರನ್ನು ತೂಕದ ಥರ ಅಂದುಕೊಳ್ಳುತ್ತೇವೆ. ಮಿಷನ್ ಮೇಲೆ ನಿಂತೆವು, ಮುಳ್ಳು ತೋರಿಸಿತು ಅಂತ. ಎಕೋ ಹಾಗಲ್ಲ.

[ತೆರೆಯ ಮೇಲೆ: ನಿಲ್ಲಿಸಿದ ಎಕೋ ಚಿತ್ರ. ಒಳಗೋಡೆಯ ಗುಂಟ ಹಳದಿ ಗೆರೆ ನಿಧಾನಕ್ಕೆ ಮೂಡುತ್ತದೆ]

ಎಕೋ ಮಾಡುವವರು ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ, ಕೋಣೆ ಅತಿ ದೊಡ್ಡದಾಗಿ ಕಾಣುವ ಫ್ರೇಮ್‌ನಲ್ಲಿ ನಿಲ್ಲಿಸುತ್ತಾರೆ. ಟ್ರ್ಯಾಕ್‌ಬಾಲ್ ಉರುಳಿಸುತ್ತಾ ಒಳಗೋಡೆ ಹಿಡಿದು ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಅತಿ ಚಿಕ್ಕದಾಗಿ ಕಾಣುವ ಫ್ರೇಮ್, ಅಲ್ಲೊಂದು ಗೆರೆ. ಇನ್ನೊಂದು ಕೋನದಿಂದ ಮತ್ತೆ ಎರಡು. ಕಂಪ್ಯೂಟರ್ ಆ ಆಕಾರವನ್ನು ಸಾಮಾನ್ಯವಾಗಿ 20 ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದರ ಗಾತ್ರ ಕೂಡಿಸುತ್ತದೆ.

[ಸೌತೆಕಾಯಿಯನ್ನು ಬಿಲ್ಲೆ ಮಾಡುತ್ತಾ]

ಇಗೋ, ಸೌತೆಕಾಯಿ ಬಂತು. ರಿಪೋರ್ಟಿನಲ್ಲಿ "ಬೈಪ್ಲೇನ್ ಸಿಂಪ್ಸನ್" ಅಂತ ಕಂಡರೆ ಇದೇ ವಿಧಾನ. ಥಾಮಸ್ ಸಿಂಪ್ಸನ್ 18ನೇ ಶತಮಾನದ ಇಂಗ್ಲಿಷ್ ಗಣಿತಜ್ಞ. ಪಾಪ, ಎಕೋ ಮಿಷನ್ ಕನಸಿನಲ್ಲೂ ಕಂಡವರಲ್ಲ.

ಗೆರೆ ಎಳೆಯುವುದು ಸುಲಭ ಅನ್ನಿಸುತ್ತೆ ಅಲ್ವಾ? ಈ ಚಿತ್ರ ಹತ್ತಿರದಿಂದ ನೋಡಿ. ಗೋಡೆ ಎಲ್ಲಿ ಶುರುವಾಗುತ್ತದೆ? ಒಳಗಡೆ ಸ್ನಾಯುವಿನ ಸಣ್ಣ ಎಳೆಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಅವು ಕೋಣೆಯ ಲೆಕ್ಕಕ್ಕೆ ಸೇರಬೇಕು, ಗೆರೆ ಅವುಗಳ ಆಚೆ ಹೋಗಬೇಕು ಅನ್ನುವುದು ನಿಯಮ. ಆದರೆ ಚಿತ್ರ ಮಂಜು ಮುಸುಕಿದ ಹಾಗಿದ್ದರೆ ಒಬ್ಬರು ಎಳೆಗಳ ಈಚೆ ಎಳೆಯುತ್ತಾರೆ, ಇನ್ನೊಬ್ಬರು ಆಚೆ.

ಉದಾಹರಣೆಗೆ ಒಂದು ಲೆಕ್ಕ. ತುಂಬಿದಾಗ 120 ಮಿಲಿ, ಹಿಂಡಿದ ಮೇಲೆ ಉಳಿದದ್ದು 66. ಹೊರಗೆ ಹೋದದ್ದು 54. ಇಎಫ್ 45. ಇನ್ನೊಬ್ಬರ ಗೆರೆಯಲ್ಲಿ ಮೊದಲನೆಯದು 114, ಎರಡನೆಯದು 71. ಇಎಫ್ 38!

[ಟೀ ಚಮಚ ಎತ್ತಿ ತೋರಿಸುತ್ತಾ]

ಇದರಲ್ಲಿ ಹಿಡಿಯುವುದು 5 ಮಿಲಿ. ಅಲ್ಲೊಂದು ಚಮಚ ಕಡಿಮೆ, ಇಲ್ಲೊಂದು ಚಮಚ ಜಾಸ್ತಿ. ಅಷ್ಟಕ್ಕೇ ಉಪ್ಪಿನಕಾಯಿ ಅಟ್ಟ ಸೇರಿತು.

ಗೆರೆಗಿಂತ ಮೊದಲೇ ತಪ್ಪುವುದೂ ಉಂಟು. ಈ ಇನ್ನೊಂದು ಸೌತೆಕಾಯಿಯನ್ನು ಉದ್ದಕ್ಕೆ ಸೀಳುತ್ತೇನೆ. ತುದಿಯವರೆಗೆ ಸರಿಯಾಗಿ ಸೀಳಿದರೆ ಉದ್ದ ಪೂರ್ತಿ ಕಾಣುತ್ತದೆ. ಚಾಕು ಸ್ವಲ್ಪ ಓರೆಯಾಯಿತು ಅನ್ನಿ, ತುದಿ ತಪ್ಪಿ ಮೋಟು ತುಂಡು ಸಿಗುತ್ತದೆ. ಎಕೋ ಮಾಡುವಾಗ ಎದೆಗೆ ಒತ್ತಿ ಹಿಡಿಯುವ ಪ್ರೋಬ್ ಅನ್ನು ಪಕ್ಕೆಲುಬಿನ ಒಂದು ಸಂದಿನಷ್ಟು ಮೇಲಕ್ಕೆ ಇಟ್ಟರೂ ಹೀಗೇ ಆಗಬಹುದು. "ಎಡ ಮಗ್ಗುಲಿಗೆ ಇನ್ನೂ ಸ್ವಲ್ಪ ತಿರುಗಿ, ಉಸಿರು ಹಿಡ್ಕೊಳ್ಳಿ" ಅಂತ ಸುಮ್ನೆ ಹೇಳುವುದಲ್ಲ, ಅವರು ತುದಿ ಹುಡುಕುತ್ತಿರುತ್ತಾರೆ.

ಇನ್ನು ಕೆಲವು ಕಡೆ ಒಂದೇ ಅಡ್ಡಗೆರೆ ಅಳೆದು ಸೂತ್ರಕ್ಕೆ ಹಾಕುತ್ತಾರೆ. 1976ರ ಟೈಕ್‌ಹೋಲ್ಜ್ ಸೂತ್ರ. ಹಾರ್ಟ್ ಅಟ್ಯಾಕ್ ಆಗಿ ಒಂದು ಕಡೆಯ ಗೋಡೆ ಸೋತಿದ್ದು, ಆ ಗೆರೆ ಮಾತ್ರ ಗಟ್ಟಿ ಗೋಡೆಗಳ ನಡುವೆ ಹಾದುಹೋದರೆ ನಂಬರ್ ಚೆನ್ನಾಗೇ ಬರುತ್ತದೆ. ಇಎಫ್‌ಗೆ ಈ ದಾರಿ ಬೇಡ ಅಂತ ಮಾರ್ಗಸೂಚಿಯೇ ಹೇಳಿದೆ. ನನಗಂತೂ ರಿಪೋರ್ಟಿನಲ್ಲಿ ವಿಧಾನದ ಹೆಸರೇ ಇಲ್ಲದಿದ್ದರೆ ಸಿಟ್ಟು ಬರುತ್ತದೆ.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಬೇಕು. ಹಾರ್ಟ್ ಫೇಲ್ಯೂರ್‌ನಲ್ಲಿ 40 ಒಂದು ಗಡಿ, ಯಾವ ಗುಂಪಿನ ಔಷಧಿ ಅನ್ನುವುದು ಅದರ ಮೇಲೂ ನಿಂತಿದೆ. ಔಷಧಿ ಕೊಟ್ಟ ಮೇಲೂ 35 ದಾಟದಿದ್ದರೆ ಎದೆಯೊಳಗೆ ಐಸಿಡಿ, ಅಂದರೆ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ, ಇಡುವ ಮಾತು ಬರುತ್ತದೆ. ಕೀಮೋ ಪಡೆಯುವವರದ್ದು ಇನ್ನೂ ಕಷ್ಟ. ಕೆಲವು ಕ್ಯಾನ್ಸರ್ ಔಷಧಿಗಳು ಹೃದಯಕ್ಕೆ ಪೆಟ್ಟು ಕೊಡುತ್ತವೆ. ಇಎಫ್ 10 ಪಾಯಿಂಟ್ ಇಳಿದು ನಾರ್ಮಲ್‌ಗಿಂತ ಕೆಳಗೆ ಬಂದರೆ ಎಚ್ಚರದ ಗಂಟೆ. ಆದರೆ ಸಾಮಾನ್ಯ ಟುಡಿ ಎಕೋ ಪದೇ ಪದೇ ಮಾಡಿದಾಗ, ಹೃದಯ ಹಾಗೇ ಇದ್ದರೂ, ನಂಬರ್ ಸುಮಾರು 10 ಪಾಯಿಂಟ್ ಅತ್ತಿತ್ತ ಆಗಬಹುದು! ಒಳ್ಳೆಯ ತ್ರೀಡಿ ಎಕೋದಲ್ಲಿ ಅದು ಸುಮಾರು 6ಕ್ಕೆ ಇಳಿಯುತ್ತದೆ. ಅದಕ್ಕೇ ಇಂಥವರಿಗೆ ಪ್ರತಿ ಸಲವೂ ಅದೇ ಮಿಷನ್, ಅದೇ ವಿಧಾನ, ಸಾಧ್ಯವಾದರೆ ಅದೇ ಟೆಕ್ನಿಷಿಯನ್ ಇರಲಿ ಅನ್ನುತ್ತಾರೆ.

[ತೆರೆಯ ಮೇಲೆ: ಒಂದೇ ಎಕೋ ಚಿತ್ರದ ಮೇಲೆ ಐದು ಬಣ್ಣದ ಐದು ಗೆರೆ]

ಹಾಗಾದರೆ ಆಸ್ಪತ್ರೆ ಏನು ಮಾಡಬೇಕು? ಹೊಸ ಮಿಷನ್ ತರುವುದಕ್ಕಿಂತ ಮೊದಲು, ಒಂದು ಮಧ್ಯಾಹ್ನ ಎಲ್ಲರೂ ಒಂದು ಕೋಣೆಯಲ್ಲಿ ಕೂರಬೇಕು. ಎಕೋ ಮಾಡುವ ಡಾಕ್ಟರುಗಳು, ಟೆಕ್ನಿಷಿಯನ್‌ಗಳು, ಎಲ್ಲರೂ. ಎಲ್ಲರಿಗೂ ಅದೇ ಹತ್ತು ವಿಡಿಯೋ. ಪಕ್ಕದವರದ್ದು ನೋಡದೆ ಪ್ರತಿಯೊಬ್ಬರೂ ಅಳೆದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಎಲ್ಲರ ಗೆರೆಗಳನ್ನೂ ಒಂದರ ಮೇಲೊಂದು ಹಾಕಿ ತೋರಿಸಬೇಕು, ಹೀಗೆ. ಯಾರು ಯಾವಾಗಲೂ ಎಳೆಗಳ ಈಚೆ ಎಳೆಯುತ್ತಾರೆ, ಯಾರಿಗೆ ತುದಿ ತಪ್ಪುತ್ತದೆ, ಯಾರ ಕೈಯಲ್ಲಿ ಎಲ್ಲವೂ 40, 45, 50 ಅಂತ ಐದೈದರಲ್ಲೇ ಬರುತ್ತದೆ, ಎಲ್ಲ ಬಯಲಾಗುತ್ತದೆ. ಕೊನೆಯವರು ಅಳೆಯುತ್ತಿಲ್ಲ, ಕಣ್ಣಂದಾಜು ಹೇಳುತ್ತಿದ್ದಾರೆ. ದೊಡ್ಡ ಡಾಕ್ಟರೂ ಚೀಟಿ ಬರೆಯಬೇಕು, ಇಲ್ಲದಿದ್ದರೆ ಅದು ಟೆಕ್ನಿಷಿಯನ್‌ಗಳಿಗೆ ಪರೀಕ್ಷೆ ಇಟ್ಟ ಹಾಗಾಗುತ್ತದೆ.

ಇನ್ನೊಂದು ಸೂಕ್ಷ್ಮ. ಹಳೆ ರಿಪೋರ್ಟ್ ಮೊದಲೇ ನೋಡಿದರೆ ಕೈ ಆ ನಂಬರಿನ ಕಡೆಗೇ ವಾಲುತ್ತದೆ. ನೋಡದೇ ಇದ್ದರೆ ಹೋಲಿಕೆ ಇಲ್ಲ. ಮೊದಲು ಅಳೆದು ಬರೆದುಬಿಡಬೇಕು, ಆಮೇಲೆ ಹಳೆಯ ವಿಡಿಯೋ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಕಾಗದ ಸಾಲದು, ವಿಡಿಯೋನೇ ಬೇಕು. ಬಿಪಿಯನ್ನೂ ಬರೆಯಬೇಕು, ಬಿಪಿ ಏರಿದ್ದರೆ ಅದೇ ಹೃದಯ ಬೇರೆ ನಂಬರ್ ಕೊಡುತ್ತದೆ. ಬಡಿತ ತಾಳ ತಪ್ಪಿದ್ದರೆ ಒಂದು ಬಡಿತ ಅಳೆದರೆ ಆಗಲ್ಲ, ಕಡಿಮೆ ಅಂದರೂ ಐದರ ಸರಾಸರಿ.

ಎಐ ಬಂದಿದೆಯಲ್ಲ ಅಂತ ಕಾಮೆಂಟ್ ಹಾಕುವ ಮೊದಲೇ ಹೇಳಿಬಿಡುತ್ತೇನೆ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್‌ನಲ್ಲಿ 3,495 ಎಕೋಗಳ ಮೇಲೆ ನಡೆದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಮೊದಲ ಅಳತೆ ಎಐದೋ ಟೆಕ್ನಿಷಿಯನ್‌ದೋ ಅಂತ ಹೇಳದೆ ಡಾಕ್ಟರುಗಳ ಕೈಗೆ ಕೊಟ್ಟರು. ಎಐ ಅಳೆದದ್ದರಲ್ಲಿ 16.8 ಪರ್ಸೆಂಟ್ ಕೇಸುಗಳಲ್ಲಿ, ಟೆಕ್ನಿಷಿಯನ್ ಅಳೆದದ್ದರಲ್ಲಿ 27.2 ಪರ್ಸೆಂಟ್ ಕೇಸುಗಳಲ್ಲಿ ಡಾಕ್ಟರುಗಳು ನಂಬರನ್ನು 5 ಪಾಯಿಂಟಿಗಿಂತ ಜಾಸ್ತಿ ತಿದ್ದಿದರು. ಎಐಗೆ ಮಧ್ಯಾಹ್ನದ ತೂಕಡಿಕೆ ಇಲ್ಲ, ನಿಜ. ಆದರೆ ಮೋಟು ಸೌತೆಕಾಯಿ ಕೊಟ್ಟರೆ ಅದು ಮೋಟು ಸೌತೆಕಾಯಿಯನ್ನೇ ಶ್ರದ್ಧೆಯಿಂದ ಅಳೆಯುತ್ತದೆ.

ನೀವು ಮಾಡಬಹುದಾದದ್ದು ಇಷ್ಟೇ. ಎಕೋ ಮಾಡಿಸಿದಾಗ ವಿಡಿಯೋ ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆಯಿರಿ, ಮುಂದಿನ ಸಲ ಒಯ್ಯಿರಿ. ಹಾಗಂತ ನಂಬರ್ ಇಳಿದರೆ "ಗೆರೆ ತಪ್ಪು" ಅಂತ ನೀವೇ ತೀರ್ಮಾನ ಮಾಡಬೇಡಿ. ಏದುಸಿರು, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

[ದೃಶ್ಯ: ಮೂರನೇ ರಿಪೋರ್ಟ್ ಮೇಜಿನ ಮೇಲೆ]

ಹೋದ ತಿಂಗಳು ಮಾವನಿಗೆ ಮೂರನೇ ಎಕೋ ಆಯಿತು. ಮೊದಲನೇ ಆಸ್ಪತ್ರೆ, ಅದೇ ಟೆಕ್ನಿಷಿಯನ್. 43, ಬೈಪ್ಲೇನ್ ಸಿಂಪ್ಸನ್, ಬಿಪಿ 130/80. ಅತ್ತೆ "ಎರಡು ಇಳೀತಲ್ಲ" ಅಂದರು. "ಅದು ಅರ್ಧ ಚಮಚ ಕಣೇ, ಜಾಡಿ ಇಳಿಸು" ಅಂದರು ಮಾವ.

ಜಾಡಿ ಅಟ್ಟದಲ್ಲೇ ಇದೆ. ಅದರಲ್ಲಿ ಮಾತ್ರ ಡಾಕ್ಟರ್ ಅತ್ತೆಯ ಕಡೆ.