ಸುಳಿ ಬಂದು ಕಡಲ ಬೆಟ್ಟಕ್ಕೆ ಹಾಯ್ದಾಗ

[ದೃಶ್ಯ: ಪಣಜಿ. ಮಾಂಡವಿ ಸೇತುವೆಯ ಕೆಳಗೆ, ಇಳಿತದ ಹೊತ್ತು. ಕಂಬದ ಬುಡಕ್ಕೆ ಕ್ಯಾಮೆರಾ.]

ಖಾನಾಪುರದ ಕಾಡಲ್ಲಿ ಮಹದಾಯಿ ಅಂತ ಹೊರಟ ನೀರು, ಇಲ್ಲಿಗೆ ಬರೋ ಹೊತ್ತಿಗೆ ಮಾಂಡವಿ. ಈ ಕಂಬದ ಹಿಂದೆ ನೋಡಿ. ತೆಂಗಿನ ಗರಿಯ ಚೂರೊಂದು ಬಂತು, ಸಿಕ್ಕಿಕೊಂಡಿತು, ಎರಡು ಸುತ್ತು ಹಾಕಿತು, ಬಿಡಿಸಿಕೊಂಡು ಹೋಯಿತು. ಎಡಕ್ಕೊಂದು ಸುಳಿ, ಆಮೇಲೆ ಬಲಕ್ಕೊಂದು.

ಇಲ್ಲಿ ಕಂಬದಿಂದ ಸುಳಿ ಹುಟ್ಟುತ್ತಿದೆ. ಇವತ್ತಿನ ವಿಷಯ ಉಲ್ಟಾ: ಸುಳಿ ಮೊದಲೇ ಇದೆ, ನೂರಾರು ಕಿಲೋಮೀಟರ್ ಅಗಲವಾಗಿ, ದಿನಕ್ಕೆ ಕೆಲವೇ ಕಿಲೋಮೀಟರ್ ಪಡುವಣಕ್ಕೆ ಸರಿಯುತ್ತಾ. ಅದರ ದಾರಿಯಲ್ಲಿ ಒಂದು ಬೆಟ್ಟ ಮುಳುಗಿ ಕೂತಿದೆ.

[ದೃಶ್ಯ: ಅರಬ್ಬೀ ಕಡಲ ತಳದ ನಕ್ಷೆ.]

ನಮ್ಮ ಕರಾವಳಿಯಿಂದ ಪಡುವಣಕ್ಕೆ, ಲಕ್ಷ್ಮಿ ಬೇಸಿನ್ ಅನ್ನೋ ತಗ್ಗಿನಲ್ಲಿ ಇಂಥ ಮೂರು ಬೆಟ್ಟಗಳಿವೆ: ರಾಮನ್ ಸೀಮೌಂಟ್, ಪಣಿಕ್ಕರ್ ಸೀಮೌಂಟ್, ವಾಡಿಯಾ ಗಯಾಟ್. ರಾಮನ್ ಯಾರು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಪಣಿಕ್ಕರ್ ಅಂದರೆ ಇಲ್ಲೇ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು. ಗಯಾಟ್ ಅಂದರೆ ನೆತ್ತಿ ಚಪ್ಪಟೆಯಾದ ಬೆಟ್ಟ.

ಲೆಕ್ಕಕ್ಕೆ ಒಂದು ಕಾಲ್ಪನಿಕ ಬೆಟ್ಟ ಇಟ್ಟುಕೊಳ್ಳೋಣ. ತಳ 3,600 ಮೀಟರ್ ಆಳ, ಬೆಟ್ಟದ ಎತ್ತರ 2,000 ಮೀಟರ್, ಅಗಲ 20 ಕಿ.ಮೀ. ಸುಳಿಯ ನೀರು ಆ ಆಳದಲ್ಲಿ ಸೆಕೆಂಡಿಗೆ 10 ಸೆಂ.ಮೀ. ಹರಿಯುತ್ತಿದೆ.

ಮೊದಲ ಪ್ರಶ್ನೆ, ನೀರು ಬೆಟ್ಟ ಹತ್ತುತ್ತಾ? ಹತ್ತಲ್ಲ, ಶಕ್ತಿ ಸಾಲದು. ಕಡಲ ನೀರು ಪದರ ಪದರ, ಕೆಳಗಿನದು ಭಾರ. ಭಾರದ ನೀರನ್ನು ಮೇಲೆತ್ತಿದರೆ ಅದು ವಾಪಸ್ ಇಳಿಯುತ್ತೆ, ಇಳಿದದ್ದು ತುಸು ಹೆಚ್ಚೇ ಇಳಿದು ಮತ್ತೆ ಏಳುತ್ತೆ. ಆಳದಲ್ಲಿ ಈ ಉಯ್ಯಾಲೆಯ ಒಂದು ಜೀಕಿಗೆ ಸುಮಾರು 105 ನಿಮಿಷ. ಹರಿವಿನ ವೇಗವನ್ನು ಈ ಉಯ್ಯಾಲೆಯ ಲಯದಿಂದ, ಅಂದರೆ ಸೆಕೆಂಡಿಗೆ 0.001 ರೇಡಿಯನ್‌ನಿಂದ, ಭಾಗಿಸಿದರೆ ನೀರು ಎಷ್ಟು ಎತ್ತರ ಹತ್ತಬಲ್ಲದು ಅನ್ನೋದು ಸಿಗುತ್ತೆ: ಬರೀ 100 ಮೀಟರ್. 2,000 ಮೀಟರ್ ಬೆಟ್ಟದಲ್ಲಿ ತುದಿಯ 100 ಮೀಟರ್ ಮಾತ್ರ ದಾಟಬಹುದು. ಉಳಿದ ನೀರೆಲ್ಲ ಬಳಸಿಕೊಂಡೇ ಹೋಗಬೇಕು.

[ದೃಶ್ಯ: ತಿರುಗುವ ತೊಟ್ಟಿ, ಮೇಲಿನಿಂದ.]

ಎರಡನೆಯದು ಭೂಮಿಯ ತಿರುಗು. ತಿರುಗುತ್ತಿರುವ ನೀರು ಉದ್ದುದ್ದ ಕಂಬಗಳ ಹಾಗೆ ಸೆಟೆದು ನಿಲ್ಲುತ್ತೆ. ಜೋಸೆಫ್ ಪ್ರೌಡ್‌ಮನ್ 1916ರಲ್ಲಿ ಗಣಿತದಲ್ಲಿ ತೋರಿಸಿದ್ದನ್ನು ಜಿ.ಐ. ಟೇಲರ್ 1923ರಲ್ಲಿ ತೊಟ್ಟಿಯಲ್ಲೇ ಮಾಡಿ ತೋರಿಸಿದರು. ತಳದಲ್ಲಿ ಗಿಡ್ಡ ಅಡ್ಡಿ ಇಟ್ಟರೂ, ಅದರ ನೆತ್ತಿಯ ಮೇಲಿನ ನೀರು ಕೂಡ ಅಲ್ಲಾಡದೆ ಕಂಬದಂತೆ ನಿಂತಿತು. ಸುತ್ತಲ ಹರಿವು ಆ ಇಲ್ಲದ ಕಂಬವನ್ನು ಬಳಸಿ ಹೋಯಿತು.

ಮನೆಯಲ್ಲೇ ಮಾಡಬಹುದು. 30 ಸೆಂ.ಮೀ. ವ್ಯಾಸದ ಪಾರದರ್ಶಕ ಪಾತ್ರೆ, 10 ಸೆಂ.ಮೀ. ನೀರು, ಮೋಟಾರಿನ ತಿರುಗುಮಣೆ. ಕೇಕ್ ಅಲಂಕರಿಸುವ ಕೈಮಣೆ ಬೇಡ, ಕೈ ಬಿಟ್ಟು ಬಿಟ್ಟು ತಿರುಗಿಸಿದರೆ ವೇಗ ಒಂದೇ ಸಮ ಇರಲ್ಲ. ಆಟದ ಜೇಡಿಯಿಂದ 6 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ ಬಿಲ್ಲೆ ಮಾಡಿ, ನಡುವಿನಿಂದ 10 ಸೆಂ.ಮೀ. ಆಚೆಗೆ ತಳಕ್ಕೆ ಒತ್ತಿ. ನಿಮಿಷಕ್ಕೆ 10 ಸುತ್ತು, 15 ನಿಮಿಷ ಬಿಡಿ, ನೀರು ಪೂರ್ತಿ ಪಾತ್ರೆಯ ಜೊತೆ ತಿರುಗಲಿ. ಬಿಲ್ಲೆಯ ನೇರ ಮೇಲೆ ಎರಡು ಹನಿ ಬಣ್ಣ. ಈಗ ವೇಗ 9.8ಕ್ಕೆ ಇಳಿಸಿ. ಬಣ್ಣ ಬಿಲ್ಲೆಯ ಮೇಲೇ ಕೂರುತ್ತೆ. ನೋಡಲು ಸಿಗೋದು ಒಂದೆರಡು ನಿಮಿಷ ಅಷ್ಟೇ, ತಳದ ಉಜ್ಜಾಟ ಆಮೇಲೆ ಹರಿವನ್ನೇ ನಿಲ್ಲಿಸುತ್ತೆ.

ಕೆಡೋದು ಮೂರು ಕಡೆ. ಒಂದೇ ಸಲ 7 ಸುತ್ತಿಗೆ ಇಳಿಸಿದರೆ ಹರಿವು ಜೋರಾಗಿ, ಬಣ್ಣ ತೊಳೆದುಹೋಗುತ್ತೆ. ಫ್ರಿಜ್ಜಿನ ತಣ್ಣೀರಲ್ಲಿ ಬಣ್ಣ ಕಲಸಿದರೆ ಅದು ನೆಟ್ಟಗೆ ತಳಕ್ಕೆ. ಮೂರನೆಯದು ಸೀಲಿಂಗ್ ಫ್ಯಾನ್. ಗೋವಾದ ಸೆಕೆಯಲ್ಲಿ ಕಷ್ಟ, ಆದರೂ ಆರಿಸಲೇಬೇಕು.

[ದೃಶ್ಯ: ಬೆಟ್ಟದ ಅಡ್ಡಕೊಯ್ತದ ಚಿತ್ರ, ನೆತ್ತಿಯ ಮೇಲೆ ಟೊಪ್ಪಿಗೆ.]

ಕಡಲಲ್ಲಿ ಪದರಗಳಿರೋದರಿಂದ ಕಂಬ ಮೇಲಿನವರೆಗೂ ಏಳಲ್ಲ, ಗಿಡ್ಡ ಟೊಪ್ಪಿಗೆಯಾಗುತ್ತೆ. ನಮ್ಮ ಬೆಟ್ಟಕ್ಕೆ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ ಅದರ ಎತ್ತರ 750 ಮೀಟರ್. ಅದೇ ಬೆಟ್ಟವನ್ನು ಕಿತ್ತು 60 ಡಿಗ್ರಿಯಲ್ಲಿಟ್ಟರೆ 2,500 ಮೀಟರ್, ಅಂದರೆ ಕಡಲ ಮೈಯನ್ನೂ ಮೀರುವಷ್ಟು. ಇಲ್ಲಿ ನೆತ್ತಿ 1,600 ಮೀಟರ್ ಆಳದಲ್ಲಿದೆ, ಟೊಪ್ಪಿಗೆ ಮುಗಿಯೋದು 850 ಮೀಟರಿನಲ್ಲಿ. ಉಪಗ್ರಹ ಚಿತ್ರದಲ್ಲಿ ಏನೂ ಕಾಣಲಿಲ್ಲ, ಹಾಗಾಗಿ ಬೆಟ್ಟ ಏನೂ ಮಾಡಲಿಲ್ಲ ಅಂತ ಬರೆಯುವವರು ಈ ಲೆಕ್ಕ ಮರೆತಿರುತ್ತಾರೆ.

ಟೊಪ್ಪಿಗೆಯೊಳಗೆ ನೀರು ಸುಮ್ಮನೆ ನಿಂತಿರಲ್ಲ. ಬೆಟ್ಟದ ಮೇಲೆ ಬಂದ ನೀರಿನ ಕಂಬ ಕುಗ್ಗಿ ಗಿಡ್ಡವಾಗುತ್ತೆ. ಗಿಡ್ಡವಾದದ್ದು ಉತ್ತರಾರ್ಧಗೋಳದಲ್ಲಿ ಪ್ರದಕ್ಷಿಣೆ ಹಾಕುತ್ತೆ. ಬೆಟ್ಟದಿಂದ ಇಳಿದು ಉದ್ದವಾದ ನೀರು ಅಪ್ರದಕ್ಷಿಣೆ. ಮೊದಲನೆಯದು ನೆತ್ತಿಯ ಮೇಲೇ ಉಳಿಯುತ್ತೆ, ಎರಡನೆಯದು ಹರಿವಿನ ಜೊತೆ ಕಳಚಿ ಹೋಗುತ್ತೆ. ಹರಿವು ಸೆಕೆಂಡಿಗೆ 30 ಸೆಂ.ಮೀ. ಆಯಿತು ಅನ್ನಿ, ನೆತ್ತಿಯ ಮೇಲಿನದ್ದೂ ಕೊಚ್ಚಿಹೋಗುತ್ತೆ. ಗುರುತಿಗೆ: ನೀರಿನ ಆಳದಲ್ಲಿ ಬೆಟ್ಟದ ಎತ್ತರದ ಪಾಲನ್ನು ರಾಸ್ಬಿ ಸಂಖ್ಯೆಯಿಂದ (ಭೂಮಿಯ ತಿರುಗಿನ ಎದುರು ಹರಿವು ಎಷ್ಟು ಜೋರು ಅಂತ ಹೇಳುವ ಸಂಖ್ಯೆ) ಭಾಗಿಸಿ, ಸುಮಾರು 2 ದಾಟಿದರೆ ಟೊಪ್ಪಿಗೆ ನಿಲ್ಲುತ್ತೆ. ನಮ್ಮ ಬೆಟ್ಟಕ್ಕೆ 10 ಸೆಂ.ಮೀ. ವೇಗದಲ್ಲಿ 4.2, 30ರಲ್ಲಿ 1.4.

ಹಾಗಾದರೆ ಬಂದ ಸುಳಿಗೆ ಏನಾಗುತ್ತೆ? ಅಂಚು ತಾಗಿದರೆ ಸಿಪ್ಪೆ ಸುಲಿದ ಹಾಗೆ ಉದ್ದನೆಯ ಎಳೆ ಕಿತ್ತು ಬರುತ್ತೆ, ಸುಳಿ ಸಣ್ಣದಾಗಿ ಮುಂದೆ ಹೋಗುತ್ತೆ. ನಡುವಿಗೇ ಹಾಯ್ದರೆ ಎರಡಾಗಿ ಒಡೆಯಬಹುದು. ಚೆನ್ನಾಗಿ ದಾಖಲಾದದ್ದು ಅಟ್ಲಾಂಟಿಕ್‌ನ ಮೆಡ್ಡಿಗಳು, ಮೆಡಿಟರೇನಿಯನ್ನಿನ ಬೆಚ್ಚನೆಯ ಉಪ್ಪುನೀರು ಹೊತ್ತು 1,000 ಮೀಟರ್ ಆಸುಪಾಸಿನ ಆಳದಲ್ಲಿ ಸಾಗುವ ಸುಳಿಗಳು. 1980ರ ದಶಕದ ನಡುವೆ ಅವುಗಳ ಹೊಟ್ಟೆಯೊಳಗೆ ಶಬ್ದದಿಂದ ಜಾಡು ಹಿಡಿಯುವ ತೇಲುಗಗಳನ್ನು ಬಿಟ್ಟರು. ಒಂದು ಮೆಡ್ಡಿ ಎರಡು ವರ್ಷಕ್ಕೂ ಮೀರಿ ನಿಧಾನ ಕರಗುತ್ತಾ ಬದುಕಿತು. ಇನ್ನೊಂದು ಹಿಯೇರ್ ಸೀಮೌಂಟಿಗೆ ಹಾಯ್ದು ಛಿದ್ರವಾಯಿತು.

ಸುಳಿ ಕಳೆದುಕೊಂಡ ಶಕ್ತಿಯ ಒಂದು ಭಾಗ ಅಲೆಯಾಗುತ್ತೆ. ನಮ್ಮ ಲೆಕ್ಕದ ಹರಿವಿಗೆ, ಸುಮಾರು 600 ಮೀಟರಿನಿಂದ 17 ಕಿ.ಮೀ. ಅಂತರದ ಉಬ್ಬುತಗ್ಗುಗಳೇ ಒಳ ಅಲೆ, ಅಂದರೆ ಕಡಲೊಳಗಿನ ಪದರಗಳಲ್ಲಿ ಸಾಗುವ ಅಲೆ, ಎಬ್ಬಿಸೋದು. ಆ ಅಲೆ ಮುರಿದಲ್ಲಿ ಪದರಗಳು ಕಲೆಯುತ್ತವೆ, ತೆರೆದ ಕಡಲಿಗಿಂತ ಹತ್ತಾರು ಪಟ್ಟು ಜೋರಾಗಿ.

[ದೃಶ್ಯ: ಹಡಗಿನ ವಿಂಚ್, ಇಳಿಯುತ್ತಿರುವ ಸಿಟಿಡಿ.]

ಅಳೆಯೋದು ಹೇಗೆ? ಉಷ್ಣತೆ, ಲವಣ, ಆಳ ಅಳೆಯುವ ಸಿಟಿಡಿಯನ್ನು ಸೆಕೆಂಡಿಗೆ 1 ಮೀಟರಿನಂತೆ ಇಳಿಸಿದರೆ 3,000 ಮೀಟರ್ ಹೋಗಿ ಬರಲು 100 ನಿಮಿಷ. ಬೆಟ್ಟದ ಸುತ್ತ ಇಪ್ಪತ್ತು ಜಾಗ ಮುಗಿಯೋದರೊಳಗೆ ಎರಡು ದಿನ. ಅಷ್ಟರಲ್ಲಿ ಉಬ್ಬರ-ಇಳಿತ ಮೂರ್ನಾಲ್ಕು ಸಲ ಬಂದುಹೋಗಿ, ಅದೇ ಬೆಟ್ಟದ ಪರಿಣಾಮದ ವೇಷ ಹಾಕಿ ಕೂತಿರುತ್ತೆ. ಒಂದೇ ಜಾಗದಲ್ಲಿ ನಿಂತು ಏರಿಸಿ ಇಳಿಸಿ ಮಾಡಬೇಕು. 13 ಗಂಟೆ ಸಾಕು ಅನ್ನೋರಿದ್ದಾರೆ, ಉಬ್ಬರಕ್ಕೆ ಸಾಕು. ಆದರೆ 15 ಡಿಗ್ರಿಯಲ್ಲಿ ಭೂಮಿಯ ತಿರುಗಿನಿಂದಾಗುವ ಜಡತ್ವದ ಸುತ್ತಿಗೆ 46 ಗಂಟೆ ಬೇಕು, ಅದಕ್ಕೆ ಸಾಲದು.

ಶಬ್ದ ಹಾಯಿಸಿ ನೀರಿನ ವೇಗ ಅಳೆಯುವ ಎಡಿಸಿಪಿಯ ಕಿರಣಗಳು 20 ಡಿಗ್ರಿ ಓರೆ ಇದ್ದರೆ, ತಳದ ಹತ್ತಿರದ ಶೇ. 6ರಷ್ಟು ದೂರ ಪ್ರತಿಧ್ವನಿಯಲ್ಲೇ ಹಾಳು. ಇಳಿಜಾರಿನಲ್ಲಿ ಇನ್ನೂ ಹೆಚ್ಚು, ಬೆಟ್ಟದ ಕಡೆಯ ಕಿರಣ ಮೊದಲೇ ನೆಲಕ್ಕೆ ಬಡಿಯುತ್ತೆ. ಬೇಕಾದ ಪದರವೇ ಅದು!

ಕಂಪ್ಯೂಟರ್ ಮಾದರಿಗೂ ಇಳಿಜಾರೇ ಶತ್ರು. ತಳದ ಆಕಾರಕ್ಕೆ ಬಾಗುವ ಪದರಗಳ ಮಾದರಿಯಲ್ಲಿ ಒತ್ತಡದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದೊಂದನ್ನು ತೆಗೀಬೇಕು, ತಪ್ಪು ಅಲ್ಲಿ ನುಸುಳುತ್ತೆ. ಅಕ್ಕಪಕ್ಕದ ಎರಡು ಚೌಕಗಳ ಆಳದ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, 0.2 ಮೀರಿದ್ದರೆ ಬೆಟ್ಟವನ್ನು ನಯ ಮಾಡಿ. ತೀರಾ ನಯ ಮಾಡಿದರೆ ಬೆಟ್ಟವೇ ಗುಡ್ಡೆಯಾಗುತ್ತೆ, ಅದೂ ಜೋಕೆ. ಸುಳಿಯನ್ನು ಬಿಡುವ ಮುಂಚೆ ಗಾಳಿಯಿಲ್ಲದೆ, ಉಬ್ಬರವಿಲ್ಲದೆ, ಪದರಗಳನ್ನು ಚಪ್ಪಟೆ ಇಟ್ಟು, ನಿಂತ ನೀರಿನಿಂದ ಶುರುಮಾಡಿ ಒಂದು ತಿಂಗಳು ಓಡಿಸಿ. ಬೆಟ್ಟದ ಸುತ್ತ ಆಗ ಸೆಕೆಂಡಿಗೆ 3 ಸೆಂ.ಮೀ. ಹರಿವು ಕಂಡರೆ, ಮುಂದೆ ಸಿಗುವ 10 ಸೆಂ.ಮೀ.ಯಲ್ಲಿ ಆ 3 ಕಡಲಿನದಲ್ಲ, ನಿಮ್ಮ ಮಾದರಿಯದು.