ಕ್ಯೂನಲ್ಲಿ ನಿಂತ ದೇಶ: ಕೊಲಂಬೊ ವ್ಲಾಗ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶ್ರೀಲಂಕಾದ ಕೊಲಂಬೊದಲ್ಲಿರುವ ಗಾಲ್ ಫೇಸ್ ಮೈದಾನ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದೊಡ್ಡ ದೊಡ್ಡ ಹೋಟೆಲ್‌ಗಳು. ಗಾಡಿಯಲ್ಲಿ ಕಾಣುತ್ತಿರುವುದು ಇಸ್ಸೋ ವಡೆ. ಬೇಳೆ ವಡೆ ಮೇಲೆ ಸಿಗಡಿ ಕೂರಿಸಿ ಕರಿದಿರುತ್ತಾರೆ. ಮೀನು ತಿನ್ನುವವರು ಬಿಡಬೇಡಿ.

2022ರಲ್ಲಿ ಇದೇ ಮೈದಾನದ ಪಕ್ಕ ನಾಲ್ಕು ತಿಂಗಳು ಜನ ಟೆಂಟ್ ಹಾಕಿ ಕೂತಿದ್ದರು. ಅಧ್ಯಕ್ಷ ಗೊಟಬಯ ರಾಜಪಕ್ಸ ಮನೆಗೆ ಹೋಗಲಿ ಅನ್ನುವುದೊಂದೇ ಹಟ. ಆ ಟೆಂಟ್ ಊರಿಗೆ ಅವರೇ ಇಟ್ಟ ಹೆಸರು 'ಗೋಟಾ ಗೋ ಗಾಮ', ಗಾಮ ಅಂದರೆ ಸಿಂಹಳದಲ್ಲಿ ಹಳ್ಳಿ. ಅಲ್ಲಿ ಲೈಬ್ರರಿ ಇತ್ತು, ಬಂದವರಿಗೆಲ್ಲ ಊಟ ಹಾಕುವ ಅಡುಗೆಮನೆಯೂ ಇತ್ತು.

ಆದರೆ ಸಿಟ್ಟು ಹುಟ್ಟಿದ್ದು ಮೈದಾನದಲ್ಲಿ ಅಲ್ಲ, ಮನೆ ಮನೆಯ ಒಲೆ ಮುಂದೆ. 12.5 ಕೆಜಿ ಗ್ಯಾಸ್ ಸಿಲಿಂಡರ್ 2021ರಲ್ಲಿ ಸುಮಾರು 1,500 ಲಂಕಾ ರೂಪಾಯಿ ಇತ್ತು. 2022ರ ಏಪ್ರಿಲ್‌ಗೆ ಅದು 4,860 ಆಯಿತು. ಅಷ್ಟು ಕೊಡುತ್ತೇನೆ ಅಂದರೂ ಸಿಗುತ್ತಿರಲಿಲ್ಲ. ಖಾಲಿ ಸಿಲಿಂಡರ್‌ಗಳನ್ನು ರಸ್ತೆಬದಿ ಸಾಲಾಗಿ ಇಟ್ಟು, ಯಾರೂ ಹೊತ್ತುಕೊಂಡು ಹೋಗದಿರಲಿ ಅಂತ ಒಂದಕ್ಕೊಂದು ಸರಪಳಿ ಬಿಗಿಯುತ್ತಿದ್ದರು. ಹಳ್ಳಿಯವರು ಹೇಗೋ ಸೌದೆ ಒಲೆ ಹಚ್ಚಿಕೊಂಡರು. ಕೊಲಂಬೊದ ಫ್ಲಾಟ್‌ಗಳಲ್ಲಿ ಇರುವವರು ಸೌದೆ ಎಲ್ಲಿ ಉರಿಸಬೇಕು, ಹೇಳಿ?

ನಾನು ಕೂತಿರುವ ಈ ಟುಕ್ ಟುಕ್ ಓಡಿಸುವವರು ತಮಿಳಿನವರು. 'ಅಣ್ಣಾ' ಅಂದೆ, ಇಬ್ಬರಿಗೂ ಸರಿಹೋಯಿತು. ನನ್ನ ಬೆಂಗಳೂರು ತಮಿಳಿನಲ್ಲಿ ಮಾತು ನಡೆಯುತ್ತಿದೆ. ಆಗ ಪೆಟ್ರೋಲ್ ಕ್ಯೂನಲ್ಲಿ ರಾತ್ರಿಯೆಲ್ಲ ಗಾಡಿಯೊಳಗೇ ಮಲಗುತ್ತಿದ್ದರಂತೆ. ಇಬ್ಬರು ಸರದಿ ಮೇಲೆ ನಿಲ್ಲುವುದು, ಒಬ್ಬರು ಮನೆಗೆ ಹೋಗಿ ಸ್ನಾನ ಮಾಡಿ ಬರುವುದು. "ಬೆಲೆ ಜಾಸ್ತಿ ಆದರೆ ಹೇಗೋ ದುಡಿದು ತರಬಹುದು. ದಿನಗಳೇ ಕ್ಯೂನಲ್ಲಿ ಕಳೆದುಹೋದರೆ ದುಡಿಯುವುದು ಯಾವಾಗ?" ಅಂದರು. ಆಮೇಲೆ ಜುಲೈನಲ್ಲಿ ಕ್ಯೂಆರ್ ಕೋಡ್ ಪಾಸ್ ಬಂತು. ಆಟೋಗೆ ವಾರಕ್ಕೆ 5 ಲೀಟರ್. ಆಟೋ ಓಡಿಸಿ ಬದುಕುವವರಿಗೆ 5 ಲೀಟರ್ ಯಾವ ಮೂಲೆಗೆ?

ಇಷ್ಟೆಲ್ಲ ಆಗಿದ್ದಕ್ಕೆ ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಅನಿಸುವುದು, ಪೆಟ್ಟು ಹೊರಗಿನಿಂದಲೂ ಬಿತ್ತು, ಆದರೆ ತಲೆ ಒಡ್ಡಿದ್ದು ಸರ್ಕಾರವೇ. 2019ರ ಈಸ್ಟರ್ ಬಾಂಬ್ ಸ್ಫೋಟ, ಅದರ ಹಿಂದೆಯೇ ಕೋವಿಡ್. ಪ್ರವಾಸಿಗರು ತರುತ್ತಿದ್ದ ಡಾಲರ್ ನಿಂತುಹೋಯಿತು. ಸರಿ, ಅದು ಯಾರ ಕೈಯಲ್ಲೂ ಇರಲಿಲ್ಲ. ಆದರೆ 2019ರ ಕೊನೆಗೆ ವ್ಯಾಟನ್ನು, ಅಂದರೆ ಕೊಳ್ಳುವ ಸಾಮಾನಿನ ಮೇಲಿನ ತೆರಿಗೆಯನ್ನು, ಶೇ. 15ರಿಂದ 8ಕ್ಕೆ ಇಳಿಸಿದ್ದು ಯಾರು? ಸಾಲದ ಮೇಲೆ ಸಾಲ ಇರುವಾಗ ಆದಾಯವನ್ನೇ ಕಡಿಮೆ ಮಾಡಿಕೊಂಡರು. 2021ರಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿದರು. ಭತ್ತದ ಇಳುವರಿ ಬಿತ್ತು, ಅಕ್ಕಿಯನ್ನು ತಾನೇ ಬೆಳೆದುಕೊಳ್ಳುತ್ತಿದ್ದ ದೇಶ ಅಕ್ಕಿ ತರಿಸಿಕೊಳ್ಳಬೇಕಾಯಿತು.

ಇನ್ನೊಂದು ವಿಷಯ ಇದೆ, ಇದನ್ನು ಜಾಸ್ತಿ ಯಾರೂ ಹೇಳುವುದಿಲ್ಲ. ಡಾಲರ್ ಬೆಲೆಯನ್ನು ಸುಮಾರು 200 ರೂಪಾಯಿಗೆ ಒತ್ತಿ ಹಿಡಿದಿದ್ದರು. ಕಾಳಸಂತೆಯಲ್ಲಿ ರೇಟು ಜಾಸ್ತಿ ಇತ್ತು. ಗಲ್ಫ್‌ನಲ್ಲಿ ಮನೆಗೆಲಸ, ಡ್ರೈವರ್ ಕೆಲಸ ಮಾಡುವವರು ಊರಿಗೆ ದುಡ್ಡು ಕಳಿಸುವಾಗ ಬ್ಯಾಂಕಿಗೆ ಯಾಕೆ ಹೋಗುತ್ತಾರೆ? 'ಉಂಡಿಯಲ್' ಹಿಡಿದರು, ಅಂದರೆ ನಮ್ಮ ಹವಾಲಾ. ಮನೆಗೆ ರೂಪಾಯಿ ತಲುಪಿತು, ದೇಶಕ್ಕೆ ಡಾಲರ್ ಬರಲಿಲ್ಲ. 2022ರ ಮಾರ್ಚ್‌ನಲ್ಲಿ ಆ ಹಿಡಿತ ಬಿಟ್ಟಾಗ ಡಾಲರ್ ಕೆಲವೇ ವಾರಗಳಲ್ಲಿ 300 ದಾಟಿತು. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ಖಜಾನೆಯಲ್ಲಿ, 2022ರ ಮೇ ಹೊತ್ತಿಗೆ ತಕ್ಷಣ ಬಳಸಲು 5 ಕೋಟಿಯೂ ಇರಲಿಲ್ಲ.

ದುಡ್ಡಿಲ್ಲದ ಸರ್ಕಾರ ಹೇಗಿರುತ್ತದೆ ಅಂತ ನೋಡಿ. ಕಾಗದ ಇಲ್ಲ ಅಂತ ಶಾಲಾ ಪರೀಕ್ಷೆ ಮುಂದಕ್ಕೆ ಹೋಯಿತು. ದಿನಕ್ಕೆ 13 ಗಂಟೆ ಕರೆಂಟ್ ತೆಗೆದರು. ಪೆಟ್ರೋಲ್ ಬಂಕ್ ಕಾಯಲು ಸೈನ್ಯ ಬಂತು. ಜೂನ್‌ನಲ್ಲಿ ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ ಕೊಟ್ಟು, ಹಿತ್ತಲಲ್ಲಿ ತರಕಾರಿ ಬೆಳೆದುಕೊಳ್ಳಿ ಅಂದರು. ನಗು ಬರುತ್ತದೆ, ಅಲ್ವಾ? ಸೆಪ್ಟೆಂಬರ್‌ನಲ್ಲಿ ಊಟದ ಸಾಮಾನಿನ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 90ಕ್ಕೂ ಹೆಚ್ಚು ಏರಿತ್ತು ಅಂತ ಗೊತ್ತಾದಾಗ ನಗು ನಿಲ್ಲುತ್ತದೆ.

ಜುಲೈ 9ಕ್ಕೆ ಜನ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ಈಜುಕೊಳಕ್ಕೆ ಹಾರಿದ ವಿಡಿಯೋ ನೀವೂ ನೋಡಿರುತ್ತೀರಿ. ಒಳಗೆ ಸಿಕ್ಕ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು ನಗದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದವರೂ ಇದೇ ಪ್ರತಿಭಟನಕಾರರು. ಗೊಟಬಯ ಮಾಲ್ಡೀವ್ಸ್‌ಗೆ ಹಾರಿ, ಅಲ್ಲಿಂದ ಸಿಂಗಾಪುರಕ್ಕೆ ಹೋಗಿ ರಾಜೀನಾಮೆ ಕಳಿಸಿದರು.

ಕಥೆ ಇಲ್ಲಿಗೆ ಮುಗಿಯಿತು ಅಂತ ಹೊರಗಿನವರು ಟಿವಿ ಆಫ್ ಮಾಡಿದರು. ಅಣ್ಣನ ಪ್ರಕಾರ ನಿಜವಾದ ಕಷ್ಟ ಶುರುವಾಗಿದ್ದೇ ಆಮೇಲೆ. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, ಸುಮಾರು 300 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಐಎಂಎಫ್ ಸುಮ್ನೆ ಕೊಡುತ್ತದಾ? ಕರೆಂಟ್ ಬಿಲ್ ಏರಿತು. ವ್ಯಾಟ್ 2024ರ ಜನವರಿಗೆ ಶೇ. 18 ಆಯಿತು. ಅಂದರೆ ಒಮ್ಮೆ ಇಳಿಸಿ ಹೆಸರು ಮಾಡಿಕೊಂಡವರ ಲೆಕ್ಕವನ್ನು ಈಗ ಬನ್ನು, ಟೀ ಕೊಳ್ಳುವವರು ತೀರಿಸುತ್ತಿದ್ದಾರೆ. 2023ರ ಮಾರ್ಚ್‌ನ ಸ್ಥಳೀಯ ಚುನಾವಣೆಯನ್ನಂತೂ ದುಡ್ಡಿಲ್ಲ ಅಂತಲೇ ಮುಂದೂಡಿದರು. ಬೆಲೆ ಏರಿದಾಗ ಬೈಯಲು ಇರುವುದು ಒಂದು ವೋಟು, ಅದಕ್ಕೂ ಬಜೆಟ್ ಇಲ್ಲ!

ಆ ಬಾಕಿಯನ್ನು ಜನ 2024ರ ಸೆಪ್ಟೆಂಬರ್‌ನಲ್ಲಿ ತೀರಿಸಿಕೊಂಡರು. 2019ರಲ್ಲಿ ಶೇ. 3ರಷ್ಟು ವೋಟು ಪಡೆದಿದ್ದ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದರು. ಹಳೇ ಮುಖಗಳು ಸಾಕು ಅನ್ನುವುದು ಸ್ಪಷ್ಟವಾಗಿತ್ತು. ಆದರೆ ಐಎಂಎಫ್ ಒಪ್ಪಂದವನ್ನು ಅವರೂ ಮುಂದುವರಿಸಿದರು, ಬೇರೆ ದಾರಿ ಇರಲಿಲ್ಲ. ಭಾರತ, ಜಪಾನ್‌ನಂಥ ದೇಶಗಳಿಂದ ಪಡೆದ ಸಾಲದ ಅಸಲು ಕಂತುಗಳನ್ನು 2028ಕ್ಕೆ ತಳ್ಳಿದ್ದಾರೆ. ಅಷ್ಟರೊಳಗೆ ಈ ಟುಕ್ ಟುಕ್ ಬ್ಯಾಟರಿ ಗಾಡಿ ಆಗಬೇಕು ಅನ್ನುತ್ತಿದ್ದಾರೆ ಅಣ್ಣ. ಪೆಟ್ರೋಲ್ ಕ್ಯೂನಲ್ಲಿ ಇನ್ನೊಂದು ಸಲ ನಿಲ್ಲುವುದಿಲ್ಲವಂತೆ.