ಕೆಸರನ್ನು ಕೆದಕಬೇಡಿ

ಕೇಳುಗರೇ, ನಮಸ್ಕಾರ.

ಕಡಲು ಮತ್ತು ಇಂಗಾಲದ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. ಕಡಲು ದೊಡ್ಡದು, ಐದು ನಿಮಿಷ ಸಣ್ಣದು. ಅದಕ್ಕೇ ನಾನು ದಡದ ಕೆಸರಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಕಡಲು ಹೀರಿಕೊಳ್ಳುತ್ತದೆ. ಅದರಲ್ಲಿ ಬಹುಪಾಲು ನೀರಲ್ಲಿ ಕರಗಿಯೇ ಇರುತ್ತದೆ. ದಡದ ಹತ್ತಿರ ಕಥೆ ಬೇರೆ. ಅಲ್ಲಿ ನದಿಗಳು ಮಣ್ಣು, ಪೋಷಕಾಂಶ ಎಲ್ಲ ತಂದು ಸುರಿಯುತ್ತವೆ, ನೀರು ಆಳವಿಲ್ಲ, ಎಷ್ಟೋ ಕಡೆ ತಳದವರೆಗೂ ಬಿಸಿಲು ಬೀಳುತ್ತದೆ, ಹಾಗಾಗಿ ಪಾಚಿ, ಕಡಲಹುಲ್ಲು, ಕಾಂಡ್ಲಾ (ಅಂದರೆ ಮ್ಯಾಂಗ್ರೋವ್ ಗಿಡ) ಎಲ್ಲವೂ ಸೊಂಪಾಗಿ ಬೆಳೆಯುತ್ತವೆ. ಬೆಳೆಯುವಾಗ ಇಂಗಾಲ ಹಿಡಿಯುತ್ತವೆ. ಸತ್ತು ಕೊಳೆತಾಗ ವಾಪಸ್ ಬಿಡುತ್ತವೆ. ಹಿಡಿದದ್ದೆಲ್ಲ ವಾಪಸ್ ಹೋದರೆ ಏನು ಬಂತು, ಅಲ್ವಾ? ಕೆಸರಲ್ಲಿ ಹೂತುಹೋದ ಪಾಲು ಮಾತ್ರ ಉಳಿಯುತ್ತದೆ. ನನ್ನ ಮಾತು ಇಷ್ಟೇ. ಇನ್ನೂ ಒಂದೆರಡು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಡಲಹುಲ್ಲಿನ ಬುಡದಿಂದ ಒಂದು ಕೊಳವೆ ತುಂಬಾ ಕೆಸರು ಎತ್ತಿ ನೋಡಿ. ಮೇಲೆ ತೆಳ್ಳಗೆ ಕಂದು ಪದರ. ಅದರ ಕೆಳಗೆಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಜನ ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಖುಷಿಯಾಗುತ್ತದೆ. ಅಲ್ಲಿ ಆಮ್ಲಜನಕ ಇಲ್ಲ ಅನ್ನುವುದಕ್ಕೆ ಆ ವಾಸನೆಯೇ ಸಾಕ್ಷಿ. ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಬಲು ನಿಧಾನ, ಬೇರು ಎಲೆಗಳನ್ನು ಪೂರ್ತಿ ಅರಗಿಸುವುದಿಲ್ಲ. ನೂರಾರು ವರ್ಷದ ಹಿಂದಿನ ಬೇರಿನ ನಾರು ಇನ್ನೂ ಅಲ್ಲೇ ಇರುತ್ತದೆ. ಕಡಲಹುಲ್ಲು ಇರುವುದು ಸಾಗರದ ಶೇಕಡಾ 0.2ಕ್ಕಿಂತ ಕಡಿಮೆ ಜಾಗದಲ್ಲಿ. ಆದರೆ ಪ್ರತಿ ವರ್ಷ ಸಾಗರದ ತಳದಲ್ಲಿ ಹೂತುಹೋಗುವ ಸಾವಯವ ಇಂಗಾಲದಲ್ಲಿ ಅದರ ಪಾಲು ಶೇಕಡಾ 10ರ ಆಸುಪಾಸು!

ಈಗ ನನಗೆ ತುಂಬಾ ಇಷ್ಟವಾದ ಕಥೆ. ಅಮೆರಿಕದ ವರ್ಜೀನಿಯಾದ ಕರಾವಳಿಯ ಕೊಲ್ಲಿಗಳಲ್ಲಿ ಈಲ್‌ಗ್ರಾಸ್ ಅನ್ನುವ ಕಡಲಹುಲ್ಲು ಹೇರಳವಾಗಿತ್ತು. 1930ರ ದಶಕದಲ್ಲಿ ಅದಕ್ಕೆ ರೋಗ ಬಂತು, ಅದರ ಮೇಲೆ 1933ರಲ್ಲಿ ಚಂಡಮಾರುತ. ಹುಲ್ಲು ಪೂರ್ತಿ ಹೋಯಿತು. ಹುಲ್ಲನ್ನೇ ನಂಬಿದ್ದ ಸ್ಕ್ಯಾಲಪ್ ಚಿಪ್ಪುಗಳೂ ಹೋದವು, ಅವನ್ನು ಹಿಡಿದು ಬದುಕುತ್ತಿದ್ದವರ ಕಸುಬೂ ಹೋಯಿತು. ಸುಮಾರು ಎಪ್ಪತ್ತು ವರ್ಷ ತಳ ಬೋಳಾಗಿಯೇ ಇತ್ತು. 1990ರ ದಶಕದ ಕೊನೆಗೆ ಒಂದು ಸಣ್ಣ ತೇಪೆಯಷ್ಟು ಹುಲ್ಲು ಕಣ್ಣಿಗೆ ಬಿತ್ತು. ಸರಿ, ಇಲ್ಲಿ ಇದು ಬದುಕುತ್ತದೆ ಅಂತಾಯಿತು. ವಿಜ್ಞಾನಿಗಳೂ ಸ್ವಯಂಸೇವಕರೂ ಬಿತ್ತನೆಗೆ ಇಳಿದರು. ಬೇಸಿಗೆಯ ಮೊದಲು ನೀರಿಗಿಳಿದು ಬೀಜ ಕಟ್ಟಿದ ಕಡ್ಡಿಗಳನ್ನು ಕೈಯಿಂದ ಕಿತ್ತು, ಕಡಲನೀರಿನ ತೊಟ್ಟಿಗಳಲ್ಲಿ ಹಾಕಿ, ಬೀಜ ಉದುರಿದ ಮೇಲೆ ಬೇರ್ಪಡಿಸಿ, ಚಳಿಗಾಲದ ಮುಂಚೆ ದೋಣಿಯಿಂದ ಚೆಲ್ಲುವುದು. ವರ್ಷ ವರ್ಷವೂ ಇದೇ ಕೆಲಸ. ಇಪ್ಪತ್ತು ವರ್ಷದಲ್ಲಿ 7 ಕೋಟಿಗೂ ಜಾಸ್ತಿ ಬೀಜ! ಈಗ ಅಲ್ಲಿ ಸುಮಾರು 3,600 ಹೆಕ್ಟೇರ್ ಹುಲ್ಲುಗಾವಲು, ವರ್ಷಕ್ಕೆ ಸುಮಾರು 3,000 ಟನ್ ಇಂಗಾಲ ಹಿಡಿದಿಡುತ್ತಿದೆ. ಆ ಹುಲ್ಲು ಒಂದೇ ದಿನದಲ್ಲಿ ಈ ಕೆಲಸಕ್ಕೆ ಇಳಿಯಲಿಲ್ಲ. ಎಲೆಗಳು ನೀರಿನ ಓಟ ತಗ್ಗಿಸಬೇಕು, ಆಗ ಮಣ್ಣಿನ ಕಣ ಕೆಳಗೆ ಕೂರಬೇಕು, ಕೆಸರು ಪದರ ಪದರವಾಗಿ ಏರಬೇಕು. ಅದಕ್ಕೆ ವರ್ಷಗಟ್ಟಲೆ ಬೇಕು. ಕೆಸರು ಅಂದೆನಲ್ಲ, ಅದೇ.

ಅಯ್ಯೋ, ಇಲ್ಲೇ ಹೊತ್ತಾಯಿತು. ಬೇಗ ಹೇಳಿಬಿಡುತ್ತೇನೆ.

ಇದು ಉಲ್ಟಾ ಆಗುವುದೂ ಉಂಟು. ಹುಲ್ಲು ಸತ್ತರೆ ಕೆಸರು ಕದಡುತ್ತದೆ, ಹೂತಿದ್ದ ಇಂಗಾಲ ವಾಪಸ್ ಹೊರಬರುತ್ತದೆ. 2011ರಲ್ಲಿ ಕಡಲನೀರು ವಿಪರೀತ ಬಿಸಿಯಾಗಿ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಕಡಲಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಿತು. ಮುಂದಿನ ಮೂರು ವರ್ಷದಲ್ಲಿ ಅಲ್ಲಿಂದ 20 ಲಕ್ಷದಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಂದಿರಬಹುದು ಅನ್ನುವುದು ವಿಜ್ಞಾನಿಗಳ ಅಂದಾಜು. ಅಷ್ಟು ಕಾಲದಿಂದ ಮುಚ್ಚಿಟ್ಟದ್ದು!

ಕಡಲಿಗೆ ಸುಣ್ಣ ಹಾಕಿದರೆ, ಕಲ್ಲಿನ ಪುಡಿ ಹಾಕಿದರೆ ಹೇಗೆ ಅಂತ ಎಲ್ಲ ಕಡೆ ಕೇಳುತ್ತಾರೆ. ರಸಾಯನಶಾಸ್ತ್ರ ಸರಿಯಾಗಿಯೇ ಇದೆ. ನೀರಿನ ಕ್ಷಾರ ಜಾಸ್ತಿಯಾದರೆ ಅದು ಗಾಳಿಯಿಂದ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಪ್ರಯೋಗಗಳು ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಕಡೆ ಕಾಂಡ್ಲಾ ಕಡಿದು, ಕೆಸರು ತೋಡಿ ಎಸೆದು, ಇನ್ನೊಂದು ಕಡೆ ಕಲ್ಲು ಅರೆದು ಕಡಲಿಗೆ ಸುರಿಯುವುದು ಯಾವ ಲೆಕ್ಕ ಸ್ವಾಮಿ? ಮೊದಲು ಇರುವ ಕೆಸರನ್ನು ಸುಮ್ನೆ ಬಿಡಿ. ಹೂಳೆತ್ತುವ ಯೋಜನೆ ಬಂದಾಗ, ಆ ತಳದಲ್ಲಿ ಹುಲ್ಲಿದೆಯಾ ಅಂತ ಒಮ್ಮೆ ಕೇಳಿ.

ಸಮಯ ಮುಗಿಯಿತು ಅಂತ ಕೈಸನ್ನೆ ಮಾಡುತ್ತಿದ್ದಾರೆ. ನಮಸ್ಕಾರ.